ಏರಿಯ ಕೆಳಗಿನ ಮನೆಯಿಂದ

ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ, ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿನ್ನ ಪತ್ರ ಓದಿ ನಗಬೇಕೋ, ಪುಟ್ಟಿಯ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ನಾನು ಅವಳಿಗೆ ಕಳಿಸಿದ್ದು ಕೊಕ್ಕರೆಯ ಫೋಟೊ. ಅವಳು ಕೊಕ್ಕರೆಯನ್ನು ಬಿಟ್ಟು ಅದರ ಕಾಲಡಿಯ ಕೆಸರನ್ನು ನೋಡಿ, ‘ಅಣ್ಣನ ಮನೆಯ ಹಿಂದಿನ ಏರಿ ಸೋರುತ್ತಿದೆ’ ಎಂದು ನಿನ್ನ ಕಿವಿಗೆ ಹಾಕಿದ್ದಾಳೆ. ನೀನು ಇಂದೇ ಮನೆ ಬಿಡು ಎಂದು ಬರೆದಿದ್ದೀಯೆ.

ಅಮ್ಮ, ಅದೇನು ದೊಡ್ಡ ಅಣೆಕಟ್ಟಲ್ಲ. 12 ಅಡಿ ಎತ್ತರದ ಮಣ್ಣಿನ ಏರಿ, ಹಿಂದೆ ಎರಡು ಎಕರೆ ನೀರು. ಮೀನು, ಬಾತುಕೋಳಿ, ಕಪ್ಪೆಗಳಿಗೆಂದೇ ಮನೆಯ ಯಜಮಾನರು ಕಟ್ಟಿಸಿದ್ದು. ಒಂದು ಹನಿಯೂ ಹೊಲಕ್ಕೆ ಹೋಗುವುದಿಲ್ಲ! ಮಣ್ಣಿನ ಏರಿ ಎಂದ ಮೇಲೆ ಅಷ್ಟಿಷ್ಟು ಜಿನುಗುತ್ತದೆ. ಜಿನುಗುವ ನೀರು ತಿಳಿಯಾಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಕದಡಿ ಬಂದರೆ ಮಾತ್ರ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ಅರ್ಥ. ನಾನು ದಿನವೂ ಬೆಳಿಗ್ಗೆ ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತೇನೆ. ತಿಳಿಯಾಗಿಯೇ ಇದೆ. ಲೋಟ ತುಂಬಲು ಹೋದ ತಿಂಗಳು 50 ಸೆಕೆಂಡು ಹಿಡಿಯುತ್ತಿತ್ತು, ಈಗ 40. ಹಿಮ ಕರಗಿ ಕೊಳ ತುಂಬಿದೆಯಲ್ಲ, ಅದಕ್ಕೆ ಅಷ್ಟೇ.

ಏರಿಯ ಬುಡದಲ್ಲಿ ಗಟ್ಟಿ ನೆಲ ಸಿಗುವವರೆಗೆ ಕಂದಕ ತೋಡಿ, ಜೇಡಿಮಣ್ಣನ್ನು ಪದರ ಪದರವಾಗಿ ತುಂಬಿ ಬಡಿದಿದ್ದಾರೆ. ಮೇಲೆ ಹುಲ್ಲನ್ನು ಮಾತ್ರ ಬೆಳೆಯಲು ಬಿಡುತ್ತಾರೆ. ಗಿಡ ಕಂಡರೆ ಕೀಳುತ್ತಾರೆ. ಮರ ಸತ್ತು ಬೇರು ಕೊಳೆತರೆ ಆ ಪೊಳ್ಳಿನಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ.

ಕಾಟವೇನಿದ್ದರೂ ಪ್ರಾಣಿಗಳದ್ದೇ. ಅವಕ್ಕೆಂದು ಕಟ್ಟಿದ್ದನ್ನು ಅವೇ ಕೆಡಿಸುತ್ತವೆ. ಮಸ್ಕ್‌ರ್ಯಾಟ್ ಎಂಬ ಹೆಗ್ಗಣದಂಥದ್ದು ನೀರಿನೊಳಗಿಂದ ಏರಿಗೆ ಬಿಲ ತೋಡಿ, ಮೇಲಕ್ಕೆ ಕೊರೆದು ಬೆಚ್ಚಗಿನ ಕೋಣೆ ಮಾಡಿಕೊಳ್ಳುತ್ತದೆ. ಹರಿವ ನೀರಿಗೆ ಕಟ್ಟೆ ಕಟ್ಟುವ ಬೀವರ್ ಎಂಬ ಪ್ರಾಣಿ ಇನ್ನೂ ಹಟಮಾರಿ. ನೀರು ಹರಿಯುವ ಸದ್ದು ಕೇಳಿದರೆ ಅದಕ್ಕೆ ತಡೆಯದು. ಹೆಚ್ಚಿನ ನೀರು ಹೋಗುವ ಕೊಳವೆಯ ಬಾಯಿಗೆ ಕೊಂಬೆ, ಕೆಸರು ಮೆತ್ತುತ್ತದೆ. ಹಗಲು ನಾನು ಕಿತ್ತಿದ್ದನ್ನು ರಾತ್ರಿ ಮತ್ತೆ ಕಟ್ಟಿರುತ್ತದೆ. ಕೊಳವೆ ಮುಚ್ಚಿದರೂ ಪಕ್ಕದಲ್ಲಿ ಅಗಲವಾದ ಹುಲ್ಲಿನ ಕೋಡಿ ಇದೆ, ಏರಿಯ ನೆತ್ತಿಗಿಂತ ಎರಡಡಿ ತಗ್ಗಿನಲ್ಲಿ. ನೀರು ನೆತ್ತಿ ಹತ್ತಿ ಹರಿದರೆ ಏರಿ ಕೊರೆದುಹೋಗುತ್ತದೆ, ನಿಜ. ಹತ್ತುವುದಿಲ್ಲ.

ಇವರ ಮೀನಿನ ಮೋಹ ನೋಡಿದರೆ ನೀನು ನಗುತ್ತೀಯೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳದ ಮೇಲಿನ ಹಿಮವನ್ನು ಸಲಿಕೆಯಿಂದ ಸರಿಸಿದೆವು. ಬೆಳಕು ಇಳಿಯದಿದ್ದರೆ ನೀರೊಳಗಿನ ಸಸ್ಯಗಳು ಆಮ್ಲಜನಕ ಕೊಡುವುದಿಲ್ಲ, ಮೀನುಗಳಿಗೆ ಉಸಿರು ಕಟ್ಟುತ್ತದೆ. ಇಷ್ಟು ಜೋಪಾನ ಮಾಡಿ, ಬೇಸಿಗೆಯಲ್ಲಿ ಗಾಳ ಹಾಕಿ ಹಿಡಿದು, ಫೋಟೊ ತೆಗೆಸಿಕೊಂಡು, ಮತ್ತೆ ನೀರಿಗೇ ಬಿಡುತ್ತಾರೆ.

ಆದ್ದರಿಂದ ನಿದ್ದೆ ಕೆಡಿಸಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ, ಏರಿಯೂ ಚೆನ್ನಾಗಿದೆ. ಹಾಸಿಗೆಯನ್ನು ಮಹಡಿಗೆ ಸಾಗಿಸಿದ್ದೇನೆ. ಅದು ಗಾಳಿ ಬೆಳಕಿಗಾಗಿ, ಬೇರೇನೂ ಇಲ್ಲ. ಲೋಟದ ವಿಷಯವನ್ನು ಅಪ್ಪನಿಗೆ ಹೇಳಬೇಡ, ಕುಳಿತು ಲೆಕ್ಕ ಹಾಕಿಬಿಡುತ್ತಾರೆ. ಮೋಡ ಕಟ್ಟಿದೆ, ಕತ್ತಲಾಗುವ ಮೊದಲು ಕೊಳವೆಯ ಬಾಯಿ ನೋಡಿ ಬರಬೇಕು. ಉಳಿದದ್ದು ಮುಂದಿನ ಪತ್ರದಲ್ಲಿ.

ನಿನ್ನ ಮಗ,
ರವಿ