ಕೌದಿ ಮಡಚಿದ ಮೇಲೆ ಹದಿನೈದು ನಿಮಿಷ

ಪ್ರಿಯ ಮಿತ್ರರೇ,

ರಾತ್ರಿ ಸೆಕೆಗೆ ನಿದ್ದೆಯಿಲ್ಲ, ಹಗಲು ಪೆನ್ನು ಹಿಡಿಯಲು ಮನಸ್ಸಿಲ್ಲ, ಬರೆಯದ ದಿನ ತಲೆ ಭಾರ ಎಂದಿದ್ದೀರಿ. ಮೊದಲು ಬರೆಯುವ ಹೊತ್ತು ಬದಲಿಸಿ. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಬರೆಯುವ ಹಟ ವಾರವೂ ಬಾಳುವುದಿಲ್ಲ. ಬೆಳಿಗ್ಗೆ ಮಾಳಿಗೆ ಮೇಲೆ ಕೌದಿ ಮಡಚಿಟ್ಟ ಕೂಡಲೇ ಕೂಡ್ರಿ. ದಿನಾ ತಪ್ಪದ ಕೆಲಸಕ್ಕೇ ಬರವಣಿಗೆಯನ್ನು ಗಂಟು ಹಾಕಬೇಕು. ನಳದ ನೀರಿಗೆ ಗಂಟು ಹಾಕಬೇಡಿ, ಅದು ಎಲ್ಲ ಓಣಿಗೂ ದಿನಾ ಬರುವುದಿಲ್ಲ.

ಹದಿನೈದು ನಿಮಿಷ ಅಥವಾ ಒಂದು ಪುಟ, ಯಾವುದು ಮೊದಲೋ ಅಷ್ಟಕ್ಕೇ ನಿಲ್ಲಿಸಿ. ಫೋನು ಕೆಳಗಿರಲಿ. ಮೊದಲ ಐದಾರು ಸಾಲು ಕಣ್ಣಿಗೆ ಕಂಡದ್ದು ಮಾತ್ರ: ಎದುರುಮನೆಯ ರಂಗೋಲಿ ಎಷ್ಟು ಚುಕ್ಕಿಯದು, ಎಳೆ ಎಲ್ಲಿ ತುಂಡಾಗಿದೆ, ಯಾವ ಚುಕ್ಕಿ ಎಳೆಯ ಸುತ್ತಿನೊಳಗೆ ಸಿಗದೆ ಉಳಿದಿದೆ. ತನ್ನನ್ನೇ ಮೆಲುಕು ಹಾಕುತ್ತಿರುವ ಮನಸ್ಸಿಗೆ ಹೊರಗಿನ ಕೆಲಸವೊಂದು ಸಿಗುತ್ತದೆ.

ನೋವನ್ನು ಬರೆಯುವುದು ಬೇರೆಯೇ ಮಾತು, ಅಲ್ಲಿ ಎಚ್ಚರ ಬೇಕು. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು 4 ದಿನ, ದಿನಕ್ಕೆ 15 ನಿಮಿಷ ತಮ್ಮ ನೋವು ಬರೆದರು. ಬರೆದ ಗಳಿಗೆಯಲ್ಲಿ ಮನಸ್ಸು ಇನ್ನಷ್ಟು ಕುಗ್ಗಿತು. ಆದರೆ ನಡೆದದ್ದನ್ನೂ ಆಗ ಅನಿಸಿದ್ದನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಅದಕ್ಕೇ ಬರೀ ಅಳಲು ತೋಡಿಕೊಳ್ಳಬೇಡಿ. ಯಾರಿದ್ದರು, ಏನಾಯಿತು, ಆಮೇಲೇನು ಎಂಬುದೂ ಬರಲಿ. ನಾಲ್ಕು ದಿನವೂ ಅದೇ ವಾಕ್ಯ ಬಂದರೆ ಅದು ಕೊರಗು. ಆ ವಿಷಯ ಮುಚ್ಚಿಟ್ಟು ರಂಗೋಲಿಗೆ ಮರಳಿ.

21 ದಿನಕ್ಕೆ ಅಭ್ಯಾಸ ಕೂಡುತ್ತದೆ ಎಂಬುದನ್ನು ನಂಬಬೇಡಿ. 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಸುಮಾರು 66 ದಿನ ಬೇಕಾಯಿತು; ಕೆಲವರಿಗೆ 18 ಸಾಕು, ಕೆಲವರಿಗೆ ಇನ್ನೂರರ ಮೇಲೆ. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ. ಜಾತ್ರೆ, ಮದುವೆ, ಊರಿಗೆ ಹೋದದ್ದು ಎಂದು ತಪ್ಪಿದರೆ ಮರುದಿನ ಎರಡು ಪುಟ ತುಂಬಿಸಲು ಹೋಗಬೇಡಿ. ಆ ಸಾಲ ತೀರಿಸುವ ಆತುರದಲ್ಲೇ ಹೆಚ್ಚಿನವರು ಕೈಬಿಡುವುದು.

ಈ ಪುಟ ಸ್ಟೇಟಸ್‌ಗೆ ಹೋಗಬಾರದು. ಮೆಚ್ಚುಗೆಗೆ ಕಾಯುವ ಬರಹ ಮನಸ್ಸಿಗೆ ವಿಶ್ರಾಂತಿ ಕೊಡುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಅಂಚಿನಲ್ಲಿ ಎಷ್ಟು ಗಂಟೆ ಮಲಗಿದಿರಿ, ಊಟ ರುಚಿಸಿತೇ ಎಂದು ಎರಡು ಪದ ಗುರುತಿಸಿ. ಎರಡು ವಾರ ನಿದ್ದೆಯೂ ಹಸಿವೂ ಕೆಟ್ಟಿದ್ದರೆ, ಬದುಕೇ ಬೇಡವೆನಿಸಿದರೆ ಅಂದೇ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಇಲ್ಲವೇ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ನ ಮನೋವೈದ್ಯರನ್ನು ಕಾಣಿ. ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ: ನಿದ್ದೆ ಯಾವಾಗಿನಿಂದ ಕೆಟ್ಟಿದೆ ಎಂಬುದನ್ನೇ ಅವರು ಮೊದಲು ಕೇಳಬಹುದು.

ನಿಮ್ಮ ಹಿತೈಷಿ