ತುಪ್ಪದ ಕೊಳದಿಂದ ಕವಾರೌ ಸೇತುವೆಗೆ

ಚಿತ್ರದುರ್ಗ

ಚಿರಂಜೀವಿ ಮಂಜುನಾಥನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಪುಟ್ಟಿಗೆ ಹದಿಮೂರು ತುಂಬುವ ದಿನ ಅವಳನ್ನು ನ್ಯೂಜಿಲೆಂಡಿನ ಕ್ವೀನ್ಸ್‌ಟೌನಿಗೆ ಕರೆದೊಯ್ದು, ಕವಾರೌ ನದಿಯ ಸೇತುವೆಯಿಂದ ಇಬ್ಬರೂ ಕಾಲಿಗೆ ರಬ್ಬರ್ ಹಗ್ಗ ಕಟ್ಟಿಸಿಕೊಂಡು ಜೊತೆಗೇ ಬಂಜಿ ಜಿಗಿಯುವುದಾಗಿಯೂ, ಅವಳ ಎತ್ತರದ ಭಯವನ್ನು ಅಂದೇ ಬಿಡಿಸಿಬಿಡುವುದಾಗಿಯೂ ನೀನು ಬರೆದದ್ದನ್ನು ಓದಿ ನಿನ್ನ ದೊಡ್ಡಮ್ಮ ಏಕನಾಥೇಶ್ವರಿಗೆ ಹರಕೆ ಹೊತ್ತಿದ್ದಾಳೆ. ನಾನು ಈ ಕಾಗದ ಬರೆಯುತ್ತಿದ್ದೇನೆ, ಜಿಗಿಯಬೇಡವೆಂದು ತಡೆಯುವುದಕ್ಕಲ್ಲ.

ಆ ಸೇತುವೆ 1880ರದು, ನೀರಿನಿಂದ 43 ಮೀಟರ್ ಎತ್ತರ, 1988ರಿಂದ ಅಲ್ಲಿ ಜನ ಹಣ ಕೊಟ್ಟು ಜಿಗಿಯುತ್ತಿದ್ದಾರೆ. ತೂಕ ನೋಡಿ, ಅದನ್ನು ಕೈಮೇಲೆ ಬರೆದು, ಅದಕ್ಕೆ ತಕ್ಕ ರಬ್ಬರ್ ಹಗ್ಗವನ್ನೇ ಕಟ್ಟುತ್ತಾರೆ. ಹಗ್ಗ ಹಿಗ್ಗುತ್ತ ಹಿಗ್ಗುತ್ತ ಬೀಳುವ ವೇಗವನ್ನು ನುಂಗಿಕೊಳ್ಳುವುದರಿಂದ ಮೈಗೆ ಒಮ್ಮೆಲೇ ಜಗ್ಗು ಬೀಳುವುದಿಲ್ಲ. ಅದು ಬಲ್ಲವರ ಕೆಲಸ, ಅವರಿಗೆ ಬಿಡೋಣ. ನಿನ್ನ ಬಿ.ಪಿ. ವಿಷಯವನ್ನು ಮಾತ್ರ ಅವರಿಂದ ಮುಚ್ಚಿಡಬೇಡ. ತಲೆಕೆಳಗಾಗಿ ತೂಗುವಾಗ ತಲೆಗೂ ಕಣ್ಣಿಗೂ ರಕ್ತ ನುಗ್ಗುತ್ತದೆ. ಮೊದಲು ಡಾಕ್ಟರನ್ನು ಕೇಳು.

ನನ್ನ ಚಿಂತೆ ಬೇರೆಯದು. ಹೋದ ತಿಂಗಳು ವಿಡಿಯೋ ಕಾಲ್‌ನಲ್ಲಿ ಪುಟ್ಟಿ, ‘ನಮ್ಮಪ್ಪನಿಗೆ ಭಯ ಅಂದರೇನೇ ಗೊತ್ತಿಲ್ಲ ತಾತ’ ಎಂದಳು. ನನಗೆ ನಮ್ಮ ಕೋಟೆಯ ತುಪ್ಪದ ಕೊಳದ ಬತೇರಿ, ಅದೇ ಬಂಡೆಯ ಮೇಲಿನ ಕಾವಲು ಬುರುಜು, ಕಣ್ಣಮುಂದೆ ಬಂತು. ಆಗ ನಿನಗೆ ಹತ್ತು ವರ್ಷ. ನೆಟ್ಟಗೆ ನಿಂತ ಆ ಬಂಡೆಯಲ್ಲಿ ಕಾಲು ಊರಲು ಕೊರೆದ ಗೂಡುಗಳನ್ನು ಹಿಡಿದು ಅರ್ಧಕ್ಕೆ ಏರಿದವನು ಅಲ್ಲಿಯೇ ಬಂಡೆಯನ್ನು ಅಪ್ಪಿಕೊಂಡು ನಿಂತೆ. ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ನಾನು ಕೆಳಗೆ ನಿಂತು, ‘ನಿನ್ನ ವಾರಿಗೆಯ ಹುಡುಗರೆಲ್ಲ ಮೇಲಿದ್ದಾರೆ, ನೋಡು’ ಎಂದು ಕೂಗಿದೆ. ಕೂಗಿದಷ್ಟೂ ನೀನು ಬಂಡೆಗೆ ಅಂಟಿಕೊಂಡೆ. ಕೊನೆಗೆ ಅಲ್ಲಿದ್ದ ಕಾವಲುಗಾರರು ಚಪ್ಪಲಿ ಬಿಟ್ಟು ನಿನ್ನ ಹಿಂದೆಯೇ ಏರಿ, ನಿನ್ನ ಹಿಮ್ಮಡಿಗೆ ಅಂಗೈ ಕೊಟ್ಟು, ಒಂದೊಂದೇ ಗೂಡಿನಲ್ಲಿ ಕಾಲಿಡಿಸಿ ಇಳಿಸಿದರು. ಅವರು ಧೈರ್ಯದ ಮಾತು ಒಂದನ್ನೂ ಆಡಲಿಲ್ಲ. ‘ನಾನು ಕೆಳಗಿದ್ದೇನೆ’ ಎಂದಷ್ಟೇ ಹೇಳಿದರು. ಮೂವತ್ತು ವರ್ಷ ಮೇಷ್ಟ್ರಾಗಿದ್ದ ನನಗೆ ಅದು ಹೊಳೆಯಲಿಲ್ಲವಲ್ಲ ಎಂಬ ನಾಚಿಕೆ ಇಂದಿಗೂ ಇದೆ. ಆ ಮೇಲೆ ನೀನು ಎಷ್ಟು ಸಲ ಊರಿಗೆ ಬಂದರೂ ಕೋಟೆ ಹತ್ತಲಿಲ್ಲ, ಕೆಲಸವಿದೆ ಎನ್ನುತ್ತಿದ್ದೆ. ನಾನೂ ಕೇಳಲಿಲ್ಲ.

ಡಿ.ಎಡ್. ಮಕ್ಕಳಿಗೆ ನಾನು ಹೇಳುತ್ತಿದ್ದ ಒಂದು ಪ್ರಯೋಗವಿದೆ. 1985ರಲ್ಲಿ ಅಮೆರಿಕದ ಸಂಶೋಧಕರು ಒಂದು ವರ್ಷದ ಕೂಸುಗಳನ್ನು ಗಾಜು ಹಾಸಿದ ಮೇಜಿನ ಮೇಲೆ ಬಿಟ್ಟರು. ಗಾಜಿನ ಕೆಳಗೆ ತುಸು ತಗ್ಗು ಕಾಣುತ್ತಿತ್ತು, ಆಚೆ ತಾಯಿ ನಿಂತಿದ್ದಳು. ತಾಯಿ ನಗುಮುಖ ತೋರಿದಾಗ 19 ಕೂಸುಗಳಲ್ಲಿ 14 ದಾಟಿದವು. ಭಯದ ಮುಖ ತೋರಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಹಾಗಾದರೆ ನಗುಮುಖ ಹೊತ್ತು ನಿಂತರಾಯಿತು ಎಂದುಕೊಳ್ಳಬೇಡ. ಹದಿಮೂರರ ಹುಡುಗಿ ನಗುವನ್ನೂ ನೋಡುತ್ತಾಳೆ, ನಗುವಿನ ಹಿಂದೆ ಕಚ್ಚಿಕೊಂಡ ಹಲ್ಲನ್ನೂ ನೋಡುತ್ತಾಳೆ. ಜೊತೆಗೆ ಕಟ್ಟಿಸಿಕೊಂಡು ನಿಂತಾಗ ನಿನ್ನ ಮೊಣಕಾಲಿನ ನಡುಕ ಅವಳ ಮೊಣಕಾಲಿಗೆ ತಾಗದೆ ಇರುವುದಿಲ್ಲ. ಭಯವೇ ಇಲ್ಲದ ಅಪ್ಪನ ಪಕ್ಕದಲ್ಲಿ ನಡುಗುವ ಮಗು ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತದೆ. ಆದ್ದರಿಂದ ಹೊರಡುವ ಮೊದಲೇ ಬತೇರಿಯ ಕಥೆಯನ್ನು ಅವಳಿಗೆ ಹೇಳು. ಕೆಳಗೆ ನಿಂತು ಕೂಗಿದವನು ಯಾರೆಂಬುದನ್ನೂ ಹೇಳು, ನನ್ನ ಮಾನಕ್ಕೆ ಅಂಜಬೇಡ.

ಇನ್ನು ತಾರೀಖಿನ ಮಾತು. ಈ ಆಟಕ್ಕೆ ಮೂಲವೆನ್ನುವ, ಪೆಸಿಫಿಕ್ ಸಾಗರದ ವನುವಾಟು ದೇಶದ ಪೆಂಟೆಕಾಸ್ಟ್ ದ್ವೀಪದಲ್ಲಿ ಗಂಡಸರೂ ಹುಡುಗರೂ ಕಾಲಿಗೆ ಕಾಡುಬಳ್ಳಿ ಕಟ್ಟಿಕೊಂಡು ಮರದ ಅಟ್ಟಣಿಗೆಯಿಂದ ಧುಮುಕುತ್ತಾರೆ. ಬಳ್ಳಿ ಚೆನ್ನಾಗಿ ಬಳುಕುವ ಕಾಲ ನೋಡಿಯೇ ಜಿಗಿತ. 1974ರಲ್ಲಿ ಬ್ರಿಟನ್ನಿನ ರಾಣಿ ಬರುತ್ತಾರೆಂದು ಕಾಲವಲ್ಲದ ಕಾಲದಲ್ಲಿ ಜಿಗಿತ ಏರ್ಪಡಿಸಿದರು. ಬಳ್ಳಿ ಬಳುಕಲಿಲ್ಲ, ಜಿಗಿದವನೊಬ್ಬ ಸತ್ತ. ರಬ್ಬರ್ ಹಗ್ಗಕ್ಕೆ ಈ ತೊಂದರೆಯಿಲ್ಲ, ಹುಡುಗಿಯ ಮನಸ್ಸಿಗೆ ಇದೆ. ಪುಟ್ಟಿಯ ಹುಟ್ಟುಹಬ್ಬ ಅಂಥ ರಾಣಿಯಾಗದಿರಲಿ.

ಅವಳು ‘ಬೇಡ’ ಎಂದರೆ, ಅಂಚಿನಲ್ಲಿ ನಿಂತು ಎಣಿಕೆ ಶುರುವಾಗಿದ್ದರೂ ಸರಿ, ಇಬ್ಬರ ಕಟ್ಟನ್ನೂ ಬಿಚ್ಚಿಸುವುದೆಂದು ಮನೆಯಲ್ಲೇ ಮಾತಾಗಲಿ. ಕಟ್ಟಿದ ಹಣ ಹೋದರೆ ಹೋಗಲಿ. ಅವಳು ಹಿಂದೆ ಸರಿದ ಮೇಲೆ ನೀನೊಬ್ಬನೇ ಜಿಗಿದು ತೋರಿಸಲು ಹೋಗಬೇಡ. ಅದು ನಾನು ಅಂದು ಕೂಗಿದ ಕೂಗೇ ಆಗುತ್ತದೆ. ಜಿಗಿದರೆ ಬಹಳ ಸಂತೋಷ, ಆದರೆ ಮರುದಿನ ಅವಳು ಮಹಡಿಯ ಕಟಕಟೆಯಿಂದ ದೂರ ನಿಂತದ್ದನ್ನು ಕಂಡು ‘ಇನ್ನೂ ಭಯವೇ?’ ಎಂದು ಕೇಳಬೇಡ. ವಿಡಿಯೋವನ್ನು ಅವಳನ್ನು ಕೇಳದೆ ಮನೆಯವರ ಗುಂಪಿಗೆ ಹಾಕಬೇಡ. ಕಿರುಚುವ ಮುಖವನ್ನು ನಿನ್ನ ಅತ್ತೆಯರೆಲ್ಲ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಡಿಸೆಂಬರಿನಲ್ಲಿ ಊರಿಗೆ ಬಂದಾಗ ಮೂವರೂ ಬತೇರಿಯ ಬುಡದವರೆಗಾದರೂ ಹೋಗಿಬರೋಣ. ನನಗೀಗ ಮಂಡಿನೋವು, ಹತ್ತಲಾರೆ. ಈ ಸಲ ಸುಮ್ಮನೆ ಕೂತಿರುತ್ತೇನೆ.

ಪುಟ್ಟಿಯ ಕೈಮೇಲೆ ಎಷ್ಟು ಕಿಲೋ ಎಂದು ಬರೆದರೆಂಬುದನ್ನು ಮರೆಯದೆ ತಿಳಿಸು. ಅವಳು ಬಡವಾಗಿದ್ದಾಳೆಂದು ನಿನ್ನ ದೊಡ್ಡಮ್ಮನದು ಒಂದೇ ರಾಗ.

ಇಂತಿ ನಿನ್ನ ಹಿತ ಬಯಸುವ,
ದೊಡ್ಡಪ್ಪ