ಮಗಳಿಗೊಂದು ಪತ್ರ: ಕಡಲಲ್ಲಿ ಬೋಟ್ ಅಡ್ಡಗಟ್ಟಿದರೆ

ಮಗಾ,

ಬೋಟಿನ ಲೆಕ್ಕಪತ್ರದ ಜೊತೆಗೆ ಇನ್ನು ಬೋಟ್ ನಡೆಸುವ ತಂಡೇಲರ ಕರೆಯೂ ನಿನಗೇ ಬರುತ್ತದೆ. ಮಲ್ಪೆಯ ಬೋಟುಗಳು ಉತ್ತರದ ಕಡಲಿಗೆ ಹೋದಾಗ ಅಲ್ಲಿನ ಮೀನುಗಾರರು ಸುತ್ತುವರಿದು ಬೋಟಿನ ಕೆಲಸಗಾರರಾದ ಕಲಾಸಿಗಳಿಗೆ ಹೊಡೆಯುವುದು, ಮೀನು, ಜಿಪಿಎಸ್ ಕಿತ್ತುಕೊಳ್ಳುವುದು ಉಂಟು. ಅಂಥ ಕರೆ ಬಂದರೆ ಮೊದಲು ಎಲ್ಲರೂ ಕ್ಷೇಮವೇ ಎಂದು ಕೇಳು. ಆಮೇಲೆ ಅಕ್ಷಾಂಶ, ರೇಖಾಂಶ ಕೇಳಿ ಬರೆದುಕೋ.

ಮುಂದಿನದೆಲ್ಲ ಆ ಅಂಕಿಯ ಮೇಲೆ ನಿಂತಿದೆ. 12 ನಾಟಿಕಲ್ ಮೈಲಿನೊಳಗೆ, ಅಂದರೆ ಸುಮಾರು 22 ಕಿ.ಮೀ.ವರೆಗೆ, ಆಯಾ ರಾಜ್ಯದ ಮೀನುಗಾರಿಕೆ ಕಾಯ್ದೆ ನಡೆಯುತ್ತದೆ, ನಮ್ಮ ಕರ್ನಾಟಕದ್ದು 1986ರದ್ದು. ಅದರಾಚೆ 200 ಮೈಲಿನವರೆಗೆ ಕೇಂದ್ರದ ಅಧಿಕಾರ. ಬೇರೆ ರಾಜ್ಯದ 12 ಮೈಲಿನೊಳಗೆ ನಿಯಮ ಮೀರಿ ಬಲೆ ಬಿಟ್ಟಿದ್ದರೆ ಅಲ್ಲಿನ ಇಲಾಖೆಯ ಅಧಿಕಾರಿ ಬೋಟ್ ಜಪ್ತಿ ಮಾಡಬಹುದು. ಇನ್ನೊಂದು ಬೋಟಿನವರಿಗೆ ಆ ಅಧಿಕಾರವಿಲ್ಲ. 2017ರಲ್ಲಿ ಕೇಂದ್ರ ನಿಷೇಧಿಸಿದ ಲೈಟ್ ಫಿಶಿಂಗ್ (ದೀಪ ಹಾಕಿ ಮೀನು ಸೆಳೆದು ಹಿಡಿಯುವುದು) ಮಾಡುತ್ತಿದ್ದರೂ ಕಲಾಸಿಯ ಮೈಮುಟ್ಟುವ ಹಕ್ಕು ಯಾರಿಗೂ ಇಲ್ಲ. ತಮ್ಮದೂ ತಪ್ಪಿದೆ ಎಂದು ಹೆದರಿ ಎಷ್ಟೋ ಜನ ದೂರೇ ಕೊಡುವುದಿಲ್ಲ. ಹಲ್ಲೆ ಮಾಡುವವರಿಗೆ ಧೈರ್ಯ ಬರುವುದು ಅಲ್ಲಿಂದಲೇ.

ಅಡ್ಡಗಟ್ಟಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 126, ಕೂಡಿಹಾಕಿದರೆ 127, ಬಲೆ ಕಡಿದರೆ 324. ಹೊಡೆದು ಕಿತ್ತುಕೊಂಡರೆ ಸುಲಿಗೆ, 309. ಐದು ಅಥವಾ ಹೆಚ್ಚು ಮಂದಿ ಸೇರಿ ಮಾಡಿದರೆ ಡಕಾಯಿತಿ, 310. ಹಾಗಾಗಿ ಎಷ್ಟು ಜನ ನಮ್ಮ ಬೋಟಿಗೆ ಹತ್ತಿದರು ಎಂಬುದನ್ನು ತಂಡೇಲರು ಎಣಿಸಿರಬೇಕು.

ವೈರ್‌ಲೆಸ್‌ನ 16ನೇ ಚಾನೆಲ್‌ನಲ್ಲಿ ಬೋಟಿನ ಹೆಸರು, ನೋಂದಣಿ ಸಂಖ್ಯೆ, ಜಾಗ, ಒಳಗಿರುವ ಜನ, ಇಷ್ಟನ್ನು ಹೇಳಿಸು. ನೀನು ದಡದಿಂದ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093ಕ್ಕೆ ಕರೆ ಮಾಡು. ಜಿಪಿಎಸ್ ಕಿತ್ತುಕೊಳ್ಳುವ ಮೊದಲೇ ಅದರ ಪರದೆಯ ಫೋಟೋ ಬೇಕು. ಎದುರು ಬೋಟಿನ ನಂಬರೂ ಫೋಟೋದಲ್ಲಿ ಬರಲಿ. ಕಡಿದ ಬಲೆಯನ್ನು ಪೊಲೀಸರು ನೋಡಿ ಬರೆದುಕೊಳ್ಳುವ ಮಹಜರು ಆಗುವವರೆಗೆ ಹೆಣೆಯಲು ಬಿಡಬೇಡ. ಹೆಣೆದರೆ ಸಾಕ್ಷಿಯೇ ಹೋಯಿತು. ಬೋಟ್ ಬಿಡಲು ದುಡ್ಡು ಕೇಳಿದರೆ, ಜೀವಕ್ಕೆ ಅಪಾಯವಿದ್ದಲ್ಲಿ ಚೌಕಾಸಿ ಬೇಡ, ಕೊಟ್ಟುಬಿಡು. ಆದರೆ ಆದಷ್ಟು ಬ್ಯಾಂಕಿನ ಮೂಲಕವೇ ಕಳಿಸು, ಯಾರ ಕೈ ಸೇರಿತೆಂದು ದಾಖಲೆ ಉಳಿಯುತ್ತದೆ.

"ಅದು ನಮ್ಮ ವ್ಯಾಪ್ತಿಯಲ್ಲ" ಎಂದು ಠಾಣೆಯಲ್ಲಿ ಹೇಳಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173 ತೋರಿಸು. ಘಟನೆ ಎಲ್ಲೇ ನಡೆದಿರಲಿ, ದೂರು ತೆಗೆದುಕೊಳ್ಳಲೇಬೇಕು. ಇಮೇಲ್‌ನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು, ಮರೆಯಬೇಡ.

ದೂರು ಎಲ್ಲಿ ಕೊಟ್ಟರೂ, ಪ್ರಕರಣ ನಡೆಸುವ ಅಧಿಕಾರ ಯಾರದ್ದೆಂಬುದು ಮಾತ್ರ ಜಾಗದ ಮೇಲೆಯೇ ನಿಂತಿದೆ. 2012ರ ಫೆಬ್ರವರಿ 15ರಂದು ಕೇರಳದಿಂದ ಹೊರಟಿದ್ದ ಸೇಂಟ್ ಆಂಟನಿ ಬೋಟಿನ ಇಬ್ಬರು ಮೀನುಗಾರರು ಇಟಲಿ ಹಡಗಿನ ಗುಂಡಿಗೆ ಸತ್ತರು. ಜಾಗ ತೀರದಿಂದ 20.5 ನಾಟಿಕಲ್ ಮೈಲು. 12 ಮೈಲಿನಾಚೆ ಎಂಬ ಕಾರಣಕ್ಕೆ, ಕೇರಳಕ್ಕೆ ಅಧಿಕಾರವಿಲ್ಲ, ಕೇಂದ್ರಕ್ಕಿದೆ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರಲ್ಲಿ 10 ಕೋಟಿ ರೂಪಾಯಿ ಪರಿಹಾರಕ್ಕೆ ಪ್ರಕರಣ ಮುಗಿಯಿತು: ಸತ್ತವರ ಮನೆಗಳಿಗೆ ತಲಾ 4 ಕೋಟಿ, ಬೋಟ್ ಮಾಲೀಕರಿಗೆ 2 ಕೋಟಿ. ಬದುಕುಳಿದ ಕಲಾಸಿಗಳು ತಮ್ಮ ಪಾಲಿಗಾಗಿ ಮತ್ತೆ ಕೋರ್ಟಿಗೆ ಹೋಗಬೇಕಾಯಿತು.

ಅದಕ್ಕೇ ಹೇಳುವುದು, ಬೋಟಿನಲ್ಲಿ ಯಾರು ಯಾರಿದ್ದರು ಎಂಬುದಕ್ಕೆ ದಾಖಲೆ ಇರಬೇಕು. ಹೊರಡುವ ಗಳಿಗೆಯಲ್ಲಿ ಕಲಾಸಿ ಬದಲಾದರೆ ಕಲಾಸಿಗಳ ಹಳೆಯ ಪಟ್ಟಿ ಕೊಟ್ಟು ಕಳಿಸಬೇಡ. ಒಡಿಶಾದ ಹುಡುಗನಾದರೂ ಅವನ ಹೆಸರು, ಆಧಾರ್, ಮನೆಯವರ ನಂಬರು ಆ ಟ್ರಿಪ್ಪಿನ ಪಟ್ಟಿಯಲ್ಲಿರಲಿ, ಒಂದು ಪ್ರತಿ ನಿನ್ನ ಹತ್ತಿರ ಇರಲಿ.

ನಿನ್ನ ಅಪ್ಪ